ಕೊಡಗಿನ ಮನೆಯಲ್ಲಿ ಕೂತು ಹಳೆಯ ಹಡಗು ಹುಡುಕುವವರಿಗೆ: ಮರೈನ್‌ಟ್ರಾಫಿಕ್ ಆ್ಯಪ್, ಜೊತೆಗೆ ಒಂದು ಎಸ್‌ಡಿಆರ್ ಡಾಂಗಲ್

ಹಡಗಿನ ಕೆಲಸ ಮುಗಿಸಿ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ತೋಟದ ಮನೆ ಸೇರಿದ ನಾಲ್ಕು ಜನ ಒಟ್ಟಿಗೆ ಕೂತರೆ ಮಾತು ಎರಡು ಪ್ರಶ್ನೆಗೆ ಬಂದು ನಿಲ್ಲುತ್ತದೆ. ಆ ಹಡಗು ಈಗ ಎಲ್ಲಿದೆ? ಆ ಹಡಗಿನಲ್ಲಿದ್ದ ತೀನ್ ಸಾಬ್, ಅಂದರೆ ಥರ್ಡ್ ಎಂಜಿನಿಯರ್, ಈಗ ಎಲ್ಲಿದ್ದಾರೆ? ಮೊದಲನೆಯದಕ್ಕೆ ಫೋನಿನಲ್ಲೇ ಉತ್ತರ ಸಿಗುವ ಕಾಲ ಇದು. ಎರಡನೆಯದಕ್ಕೆ ಯಾವ ಆ್ಯಪೂ ನೇರ ಉತ್ತರ ಕೊಡುವುದಿಲ್ಲ, ಆದರೆ ಹಡಗಿನ ಜಾಡು ಹಿಡಿದರೆ ಮನುಷ್ಯನ ಹತ್ತಿರ ಹೋಗಬಹುದು. ಈ ಎರಡು ಕೆಲಸಕ್ಕೆ, ಹಡಗುಗಳನ್ನು ನಕ್ಷೆಯ ಮೇಲೆ ತೋರಿಸುವ ಮರೈನ್‌ಟ್ರಾಫಿಕ್ ಎಷ್ಟು ಒದಗುತ್ತದೆ, ಅದರ ಜೊತೆ ಹಡಗಿನ ಸಂಕೇತವನ್ನು ಮನೆಯಲ್ಲೇ ಹಿಡಿಯುವ ಒಂದು ಸಣ್ಣ ರೇಡಿಯೋ ಡಾಂಗಲ್ ಕೊಳ್ಳುವುದು ಕೊಡಗಿನಲ್ಲಿ ಯಾರಿಗೆ ಸಾರ್ಥಕ ಎಂಬುದೇ ಈ ವಿಮರ್ಶೆ. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಆ್ಯಪಿನ ಉಚಿತ ಆವೃತ್ತಿಯನ್ನು ಕಣ್ಣು ಮುಚ್ಚಿ ಹಾಕಿಕೊಳ್ಳಿ, ಹಣ ಕೊಡುವ ಆವೃತ್ತಿ ಹೆಚ್ಚಿನವರಿಗೆ ಬೇಡ, ಡಾಂಗಲ್ ಮಾತ್ರ ಪಡುವಣ ದಿಕ್ಕು ಬಯಲಾಗಿ ಕಾಣುವ ಮನೆಯವರಿಗೆ.

ಆ್ಯಪ್ ಇಳಿಸಿದ ತಕ್ಷಣ ಎಲ್ಲರೂ ಮಾಡುವ ತಪ್ಪು ಹಡಗಿನ ಹೆಸರು ಟೈಪ್ ಮಾಡುವುದು. ಒಂದೇ ಹೆಸರಿನ ಹತ್ತಾರು ಹಡಗು ಬರುತ್ತವೆ, ಅದರಲ್ಲಿ ಅರ್ಧ ಟಗ್ಗು, ಮೀನುಗಾರಿಕೆ ದೋಣಿ. ಇನ್ನೊಂದು ತೊಡಕೂ ಇದೆ. ಮಾಲೀಕ ಬದಲಾದಾಗ ಹೆಚ್ಚಾಗಿ ಹೆಸರೂ ಬದಲಾಗುತ್ತದೆ. ಇಪ್ಪತ್ತೈದು ವರ್ಷ ಓಡಿದ ಬಲ್ಕ್ ಕ್ಯಾರಿಯರ್‌ಗೆ ಮೂರು ನಾಲ್ಕು ಹೆಸರು ಆಗಿರುವುದು ಮಾಮೂಲು. ಧ್ವಜ ಬದಲಾದರೆ ಎಂಎಂಎಸ್‌ಐ ಎಂಬ ಒಂಬತ್ತು ಅಂಕೆಯ ರೇಡಿಯೋ ಸಂಖ್ಯೆಯೂ ಬದಲಾಗುತ್ತದೆ. ಭಾರತದ ಹಡಗಿನ ಎಂಎಂಎಸ್‌ಐ 419ರಿಂದ ಶುರುವಾಗುತ್ತದೆ, ಲೈಬೀರಿಯಾಕ್ಕೆ ಮಾರಿದ ದಿನ ಅದು 636 ಆಗುತ್ತದೆ. ಬದಲಾಗದೆ ಉಳಿಯುವುದು ಒಂದೇ ಒಂದು, ಏಳು ಅಂಕೆಯ ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ಸಂಖ್ಯೆ. ಹಡಗು ಕಟ್ಟುವಾಗ ಕೊಟ್ಟದ್ದು, ಒಡೆಯುವ ತನಕ ಅದೇ. ಈ ಪದ್ಧತಿ ಬಂದದ್ದು 1987ರಲ್ಲಿ, ಕಡ್ಡಾಯವಾದದ್ದು 1996ರ ಜನವರಿ 1ರಿಂದ. ಆದರೆ ಸಂಖ್ಯೆಗಳು ಹಡಗುಗಳ ಪಟ್ಟಿ ಇಡುವ ಲಾಯ್ಡ್ಸ್ ರಿಜಿಸ್ಟರ್‌ನ ಹಳೆಯ ಪಟ್ಟಿಯಿಂದಲೇ ಬಂದವು, ಹಾಗಾಗಿ ಎಪ್ಪತ್ತರ ದಶಕದ ಹಡಗಿಗೂ ಸಂಖ್ಯೆ ಇದೆ. ಸಂಖ್ಯೆ 7ರಿಂದ ಶುರುವಾದರೆ ಬಹುಮಟ್ಟಿಗೆ ಎಪ್ಪತ್ತರ ದಶಕದ್ದು, 8 ಎಂದರೆ ಎಂಬತ್ತರ ಆಸುಪಾಸಿನದು.

ಹಾಗಾಗಿ ಫೋನ್ ಬದಿಗಿಟ್ಟು ಮೊದಲು ಅಲ್ಮೇರಾದಿಂದ ಸಿಡಿಸಿ, ಅಂದರೆ ನಾವಿಕನ ಸೇವಾ ದಾಖಲೆಯ ಪುಸ್ತಕ ತೆಗೆಯಿರಿ. ಪ್ರತಿ ಹಡಗಿನ ಸಾಲಿನಲ್ಲಿ ಹೆಸರು, ಅಫಿಷಿಯಲ್ ನಂಬರ್ ಅಥವಾ ಐಎಂಒ ನಂಬರ್, ನೋಂದಣಿ ಬಂದರು, ಗ್ರಾಸ್ ಟನೇಜ್ (ಹಡಗಿನ ಒಳಗಾತ್ರದ ಅಳತೆ), ಸೈನ್ ಆನ್ (ಹಡಗು ಸೇರಿದ) ಮತ್ತು ಸೈನ್ ಆಫ್ (ಹಡಗು ಬಿಟ್ಟ) ಆದ ಊರು, ತಾರೀಖು ಇರುತ್ತವೆ. ಹಳೆಯ ಪುಸ್ತಕಗಳಲ್ಲಿ ಅಫಿಷಿಯಲ್ ನಂಬರ್ ಮಾತ್ರ ಇರುತ್ತದೆ. ಅದು ಆಯಾ ದೇಶದ ನೋಂದಣಿ ಸಂಖ್ಯೆ, ಐಎಂಒ ಸಂಖ್ಯೆಯೆಂದು ತಿಳಿದು ಆ್ಯಪಿನಲ್ಲಿ ಹಾಕಿದರೆ ಏನೂ ಬರುವುದಿಲ್ಲ, ಇಲ್ಲವೇ ಸಂಬಂಧವೇ ಇಲ್ಲದ ಹಡಗು ಬರುತ್ತದೆ. ಅಂಥ ಕಡೆ ಹೆಸರು ಹಾಕಿ ಹುಡುಕಿ, ಬಂದ ಪಟ್ಟಿಯಲ್ಲಿ ಗ್ರಾಸ್ ಟನೇಜನ್ನು ಸಿಡಿಸಿಯ ಅಂಕಿಯೊಂದಿಗೆ ತಾಳೆ ನೋಡಬೇಕು. ಹೆಸರು ಒಂದೇ ಇರಬಹುದು, ಟನೇಜ್ ಕೂಡ ಅಷ್ಟೇ ಇರುವುದು ಅಪರೂಪ. ಒಂದು ಎಚ್ಚರ: ಟನೇಜ್ ಅಳೆಯುವ ನಿಯಮ 1982ರಿಂದ ಬದಲಾಗುತ್ತ ಬಂತು, ಹಳೆಯ ಹಡಗನ್ನು ಮತ್ತೆ ಅಳೆದಿದ್ದರೆ ಅಂಕಿ ಸ್ವಲ್ಪ ಬೇರೆಯಾಗಿರುತ್ತದೆ. ಕಟ್ಟಿದ ವರ್ಷ, ಉದ್ದ ಕೂಡ ಹೊಂದಿದರೆ ನಂಬಬಹುದು.

ಮಾಸಿದ ಅಕ್ಷರದಲ್ಲಿ 5 ಯಾವುದು 6 ಯಾವುದು ಎಂದು ತಿಳಿಯದಿದ್ದರೆ ಐಎಂಒ ಸಂಖ್ಯೆ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಮೊದಲ ಆರು ಅಂಕೆಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಮೊತ್ತದ ಕೊನೆಯ ಅಂಕೆ ಏಳನೆಯ ಅಂಕೆಗೆ ಸಮ ಬರಬೇಕು. 9074729 ನೋಡಿ: 63, 0, 35, 16, 21, 4, ಒಟ್ಟು 139. ಕೊನೆಯಲ್ಲಿ 9, ಸರಿ ಇದೆ. ಸಮ ಬರದಿದ್ದರೆ ಎಲ್ಲೋ ಒಂದು ಅಂಕೆ ತಪ್ಪಾಗಿ ಓದಿದ್ದೀರಿ.

ಸರಿಯಾದ ಸಂಖ್ಯೆ ಹಾಕಿದಾಗ ಆ್ಯಪ್ ನಿಜಕ್ಕೂ ಖುಷಿ ಕೊಡುತ್ತದೆ. ಹಡಗಿನ ಈಗಿನ ಹೆಸರು, ಧ್ವಜ, ಕಟ್ಟಿದ ವರ್ಷ, ಉದ್ದ ಅಗಲ, ಜನ ಬೇರೆ ಬೇರೆ ಬಂದರುಗಳಲ್ಲಿ ತೆಗೆದು ಹಾಕಿದ ಫೋಟೊ ಸಿಗುತ್ತವೆ. ನಕ್ಷೆಯಲ್ಲಿ ಸರಕು ಹಡಗು ಹಸಿರು, ಟ್ಯಾಂಕರ್ ಕೆಂಪು, ಪ್ರಯಾಣಿಕರ ಹಡಗು ನೀಲಿ. ಓಡುತ್ತಿದ್ದರೆ ಬಾಣದ ಆಕಾರ, ನಿಂತಿದ್ದರೆ ದುಂಡು. ನವಮಂಗಳೂರು ಬಂದರಿರುವ ಪಣಂಬೂರಿನ ಹೊರಗೆ ಕೆಂಪು ದುಂಡುಗಳು ಕಂಡರೆ ಅವು ಎಂಆರ್‌ಪಿಎಲ್‌ಗೆ ಕಚ್ಚಾ ತೈಲ ತಂದು ಸರದಿಗೆ ಕಾಯುತ್ತಿರುವ ಟ್ಯಾಂಕರ್‌ಗಳಿರಬಹುದು. ಹಸಿರು ಕಂಟೈನರ್ ಹಡಗು ಒಳಗೆ ಕಂಡರೆ, ಕೊಡಗು, ಹಾಸನ, ಚಿಕ್ಕಮಗಳೂರಿನ ಕಾಫಿ ಹೊರದೇಶಕ್ಕೆ ಹೋಗುವುದೂ ಅದೇ ಬಂದರಿನಿಂದ ಎಂಬುದು ನೆನಪಿರಲಿ.

ಇಷ್ಟು ಮಾಹಿತಿಯ ಮೂಲ ಎಐಎಸ್ ಎಂಬ ಉಪಕರಣ. ಅಂತರರಾಷ್ಟ್ರೀಯ ಯಾನದ 300 ಗ್ರಾಸ್ ಟನೇಜ್ ಮೇಲ್ಪಟ್ಟ ಎಲ್ಲ ಹಡಗಿಗೂ 2004ರ ಕೊನೆಯ ಹೊತ್ತಿಗೆ ಇದು ಕಡ್ಡಾಯವಾಯಿತು. ಅದಕ್ಕೆ ಮೊದಲೇ ನಿವೃತ್ತರಾದವರು ಬ್ರಿಜ್ (ಹಡಗು ನಡೆಸುವ ಕೋಣೆ) ಮೇಲೆ ಇದನ್ನು ನೋಡಿರುವುದಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಹಡಗು ಓಡುವಾಗ ವೇಗಕ್ಕೆ ತಕ್ಕಂತೆ 2ರಿಂದ 10 ಸೆಕೆಂಡಿಗೊಮ್ಮೆ, ಲಂಗರು ಹಾಕಿದಾಗ 3 ನಿಮಿಷಕ್ಕೊಮ್ಮೆ ತನ್ನ ಸ್ಥಾನ, ವೇಗ, ದಿಕ್ಕನ್ನು ವಿಎಚ್‌ಎಫ್‌ನಲ್ಲಿ ಬಿತ್ತರಿಸುತ್ತದೆ. ಹೆಸರು, ಐಎಂಒ ಸಂಖ್ಯೆ, ಡ್ರಾಫ್ಟ್ (ಹಡಗು ನೀರಿನಲ್ಲಿ ಮುಳುಗಿರುವ ಆಳ), ಹೋಗುವ ಬಂದರು 6 ನಿಮಿಷಕ್ಕೊಮ್ಮೆ ಹೋಗುತ್ತವೆ. ಸ್ಥಾನ ಜಿಪಿಎಸ್‌ನಿಂದ ತಾನಾಗಿ ಬರುತ್ತದೆ. ಹೋಗುವ ಬಂದರು, ಇಟಿಎ (ತಲುಪುವ ಅಂದಾಜು ಸಮಯ), ಡ್ರಾಫ್ಟ್, ನ್ಯಾವಿಗೇಷನ್ ಸ್ಟೇಟಸ್ ಇವಿಷ್ಟನ್ನೂ ವಾಚ್‌ನಲ್ಲಿರುವ ಆಫೀಸರ್ ಕೈಯಾರೆ ಹಾಕಬೇಕು. ಆ್ಯಪಿನಲ್ಲಿ ಕಾಣುವ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಯವು. 12 ನಾಟ್ ವೇಗದಲ್ಲಿ ಓಡುತ್ತಿರುವ ಹಡಗಿನ ಮೇಲೆ 'ಅಟ್ ಆಂಕರ್' ಎಂದಿದ್ದರೆ ಲಂಗರು ಎತ್ತಿದ ಮೇಲೆ ಸ್ಟೇಟಸ್ ಬದಲಿಸಲು ಮರೆತಿದ್ದಾರೆ ಎಂದರ್ಥ. ಡ್ರಾಫ್ಟ್ ಅಂಕಿ ಕೂಡ ಕಳೆದ ಬಂದರಿನದ್ದೇ ಉಳಿದಿರಬಹುದು. ಡೆಸ್ಟಿನೇಷನ್ ಜಾಗದಲ್ಲಿ ಐಎನ್‌ಎನ್‌ಎಂಎಲ್ ಎಂದಿದ್ದರೆ ನವಮಂಗಳೂರು, ಐಎನ್‌ಸಿಒಕೆ ಎಂದಿದ್ದರೆ ಕೊಚ್ಚಿ. ಅಲ್ಲಿ ಬಂದರಿನ ಬದಲು 'ಆರ್ಮ್ಡ್ ಗಾರ್ಡ್ ಆನ್ ಬೋರ್ಡ್' ಎಂದು ಬರೆದಿದ್ದರೆ ಹಡಗು ಕಡಲ್ಗಳ್ಳರ ಭಯವಿರುವ ನೀರಿನಲ್ಲಿದೆ. ಇಟಿಎ ಯುಟಿಸಿ ಸಮಯದಲ್ಲಿರುತ್ತದೆ, ಐದೂವರೆ ಗಂಟೆ ಕೂಡಿಸಿಕೊಳ್ಳಿ.

ಹಳಬರಿಗೆ ನಿಜವಾದ ರುಚಿ ಇರುವುದು ಕೋರ್ಸ್ ಮತ್ತು ಹೆಡಿಂಗ್ ಎಂಬ ಎರಡು ಅಂಕಿಯಲ್ಲಿ. ಹೆಡಿಂಗ್ ಎಂದರೆ ಹಡಗಿನ ಮೂಗು ತೋರುವ ದಿಕ್ಕು, ಕೋರ್ಸ್ ಎಂದರೆ ನೆಲದ ಮೇಲೆ ಅದು ನಿಜವಾಗಿ ಸಾಗುತ್ತಿರುವ ದಿಕ್ಕು. ಜುಲೈ ತಿಂಗಳಲ್ಲಿ ಕೊಚ್ಚಿಯಿಂದ ಮುಂಬೈ ಕಡೆ ಖಾಲಿ ಓಡುವ ಹಡಗೊಂದನ್ನು ಒತ್ತಿ ನೋಡಿ. ಮುಂಗಾರು ಗಾಳಿ ಎಡಗಡೆಯಿಂದ ತಳ್ಳುತ್ತಿರುವುದರಿಂದ ಮೂಗನ್ನು ಕೆಲವು ಡಿಗ್ರಿ ಪಡುವಣಕ್ಕೆ ತಿರುಗಿಸಿ ಹಿಡಿದಿರುತ್ತಾರೆ. ಆ ಎರಡು ಅಂಕಿಯ ಅಂತರ ನೋಡಿದರೆ ಸ್ಟೀರಿಂಗ್ ಹಿಡಿದವನ ಕೈಗೆ ಎಷ್ಟು ಕೆಲಸ, ಗ್ಯಾಲಿಯಲ್ಲಿ, ಅಂದರೆ ಹಡಗಿನ ಅಡುಗೆಮನೆಯಲ್ಲಿ, ಭಂಡಾರಿ (ಅಡುಗೆಯವ) ಪಾತ್ರೆಗಳನ್ನು ಹೇಗೆ ಕಟ್ಟಿಟ್ಟಿರಬಹುದು ಎಂಬುದೆಲ್ಲ ಕಣ್ಣಿಗೆ ಕಟ್ಟುತ್ತದೆ. ಯಾವ ವಿವರಣೆಗಿಂತಲೂ ಈ ಒಂದು ಪರದೆ ಹಳೆಯ ನಾವಿಕರನ್ನು ಮಾತಿಗೆ ಎಳೆಯುತ್ತದೆ. ಬಿರುಮಳೆಯ ದಿನ ಮಡಿಕೇರಿಯಲ್ಲಿ ಬೀಸುವ ಗಾಳಿ ಕೂಡ ಅದೇ ಕಡಲ ಮೇಲಿಂದ ಬಂದದ್ದಲ್ಲವೇ.

ಇನ್ನು ಆ್ಯಪ್ ಎಲ್ಲಿ ಸೋಲುತ್ತದೆ ಎಂಬುದು. ಉಚಿತ ಆವೃತ್ತಿಗೆ ಮಾಹಿತಿ ಬರುವುದು ಕರಾವಳಿಯ ಗೋಪುರಗಳಿಂದ, ಸ್ವಯಂಸೇವಕರು ಇಟ್ಟಿರುವ ರಿಸೀವರ್‌ಗಳಿಂದ. ದಡದಿಂದ ಸುಮಾರು 40-60 ನಾಟಿಕಲ್ ಮೈಲಿ ದಾಟಿದ ಮೇಲೆ ಹಡಗು ನಕ್ಷೆಯಿಂದ ಕಾಣೆಯಾಗುತ್ತದೆ. ಮುಂಬೈ ಬಿಟ್ಟು ಏಡನ್ ಕಡೆ ಹೊರಟ ಹಡಗಿನ ಸ್ಥಾನ 'ಮೂರು ದಿನದ ಹಿಂದಿನದು' ಎಂದು ತೋರಿಸಿದರೆ ಮನೆಯವರು ಗಾಬರಿಯಾಗುವ ಅಗತ್ಯವಿಲ್ಲ, ಆಚೆ ದಡ ಹತ್ತಿರವಾದಾಗ ಮತ್ತೆ ಕಾಣುತ್ತದೆ. ನಡುಗಡಲಿನ ಸ್ಥಾನ ಬೇಕೆಂದರೆ ಉಪಗ್ರಹದ ಮಾಹಿತಿಗೆ ಹಣ ಕೊಡಬೇಕು. ಮಗ ಅಥವಾ ಮಗಳು ಈಗ ಹಡಗಿನಲ್ಲಿದ್ದು ಆ ಒಂದು ಯಾನದ ಮಟ್ಟಿಗೆ ಬೇಕು ಎನ್ನುವವರು ತಿಂಗಳ ಲೆಕ್ಕದಲ್ಲಿ ಕೊಂಡರೆ ಸಾಕು. ಹಳೆಯ ಹಡಗಿನ ನೆನಪಿಗಾಗಿ ಅಷ್ಟು ಖರ್ಚು ಬೇಡ. ಅಪಾಯದ ನೀರಿನಲ್ಲಿ ಕ್ಯಾಪ್ಟನ್ ಎಐಎಸ್ ಆರಿಸುವುದೂ ಉಂಟು. ಜಿಪಿಎಸ್ ಸಂಕೇತವನ್ನು ಕೆಡಿಸುವ ಕಡೆಗಳಲ್ಲಿ ಹಡಗು ನೆಲದ ಮೇಲೆ, ವಿಮಾನ ನಿಲ್ದಾಣದ ನಡುವೆ ನಿಂತಂತೆ ಕಾಣುವುದೂ ಉಂಟು. ಅದು ಆ್ಯಪಿನ ದೋಷವಲ್ಲ.

ಹೆಚ್ಚಿನ ಹಳೆಯ ಹಡಗುಗಳ ಮುಂದೆ ಕಾಣುವುದು 'ಡಿಕಮಿಷನ್ಡ್ ಆರ್ ಲಾಸ್ಟ್' ಎಂಬ ಸಾಲು. ಇದನ್ನು ಓದಿ ಹಡಗು ಮುಳುಗಿತೆಂದು ತಿಳಿಯಬೇಡಿ. 25-30 ವರ್ಷ ಓಡಿದ ಹಡಗು ಸಾಮಾನ್ಯವಾಗಿ ಗುಜರಾತಿನ ಅಲಂಗ್, ಬಾಂಗ್ಲಾದ ಚಿತ್ತಗಾಂಗ್, ಪಾಕಿಸ್ತಾನದ ಗದಾನಿ ದಡಗಳಲ್ಲಿ ಒಡೆಯಲ್ಪಡುತ್ತದೆ. ಕೊನೆಯ ಯಾನಕ್ಕೆ ಕೊಂಡವರು ಧ್ವಜ ಬದಲಿಸಿ, ಹಳೆಯ ಹೆಸರಿನ ಕೆಲವು ಅಕ್ಷರಗಳಿಗೆ ಬಣ್ಣ ಬಳಿದು ಉಳಿದ ಅಕ್ಷರಗಳಿಂದಲೇ ಹೊಸ ಹೆಸರು ಮಾಡುವುದುಂಟು. ಆದ್ದರಿಂದ ಕೊನೆಯ ಹೆಸರು ಅರ್ಥವಿಲ್ಲದ ಮೂರ್ನಾಲ್ಕು ಅಕ್ಷರದ್ದಾಗಿದ್ದರೆ ಹಡಗಿನ ಕಥೆ ಅಲಂಗ್‌ನಲ್ಲೋ ಚಿತ್ತಗಾಂಗ್‌ನಲ್ಲೋ ಮುಗಿದಿರುವ ಸಾಧ್ಯತೆ ಹೆಚ್ಚು. 2004ಕ್ಕೆ ಮೊದಲೇ ಒಡೆದುಹೋದ ಹಡಗು ಎಐಎಸ್ ಕಂಡಿರುವುದೇ ಇಲ್ಲ. ಅಂಥವುಗಳಿಗೆ ಈ ಆ್ಯಪಿಗಿಂತ ಶಿಪ್‌ಸ್ಪಾಟಿಂಗ್ ತಾಣ ಮೇಲು. ಅಲ್ಲಿ ಐಎಂಒ ಸಂಖ್ಯೆ ಹಾಕಿದರೆ ಹಳೆಯ ಫೋಟೊ, ತೆಗೆದ ಬಂದರು, ತಾರೀಖು ಸಮೇತ ಬರುತ್ತವೆ. ತಾರೀಖನ್ನು ನಿಮ್ಮ ಸೈನ್ ಆನ್, ಸೈನ್ ಆಫ್ ನಡುವೆ ಇಟ್ಟು ನೋಡಿ. ನೀವು ಒಳಗಿದ್ದಾಗಲೇ ದಡದಿಂದ ಯಾರೋ ತೆಗೆದ ಚಿತ್ರ ಸಿಗುವುದೂ ಉಂಟು.

ಈಗ ಡಾಂಗಲ್ ವಿಷಯ. ಸಮುದ್ರವೇ ಇಲ್ಲದ ಜಿಲ್ಲೆಯಲ್ಲಿ ಹಡಗಿನ ರೇಡಿಯೋ ಹಿಡಿಯುವುದೇ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ವಿಎಚ್‌ಎಫ್ ತರಂಗ ದಿಗಂತದ ತನಕ ನೇರ ಹೋಗುತ್ತದೆ. ಎತ್ತರದ ಮೀಟರ್ ಅಂಕಿಯ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋ ದಿಗಂತ ಕಿಲೋಮೀಟರಿನಲ್ಲಿ ಬರುತ್ತದೆ. ಮಡಿಕೇರಿಯ ಎತ್ತರ ಸುಮಾರು 1,150 ಮೀಟರ್, ಅದಕ್ಕೆ 140 ಕಿ.ಮೀ. ಹಡಗಿನ ಆಂಟೆನಾ 30 ಮೀಟರ್ ಎತ್ತರದಲ್ಲಿದ್ದರೆ ಇನ್ನೊಂದು 22 ಕಿ.ಮೀ. ಒಟ್ಟು 162. ಮಡಿಕೇರಿಯಿಂದ ಕಾಸರಗೋಡು ಕಡೆಯ ಕಡಲ ದಡ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 75 ಕಿ.ಮೀ. ಅಂದರೆ ದಡದಿಂದ ಆಚೆ 45 ನಾಟಿಕಲ್ ಮೈಲಿಯ ತನಕ ಓಡುವ ಹಡಗು ಲೆಕ್ಕದ ಪ್ರಕಾರ ಕೇಳಬೇಕು. ಚೆನ್ನೈನಂಥ ಊರಿನಲ್ಲಿ ಕಡಲ ಪಕ್ಕದ ಮೂರು ಮಹಡಿ ಮನೆಯವರಿಗೆ ಸಿಗದ ದೂರ ಇದು.

ಆದರೆ ಇದು ಮೇಲ್ಮಿತಿ. ನಡುವೆ ಎತ್ತರದ ಬೆಟ್ಟಸಾಲು ಅಡ್ಡ ಬಂದರೆ ಲೆಕ್ಕವೆಲ್ಲ ವ್ಯರ್ಥ. ಪರೀಕ್ಷೆ ಸುಲಭ: ಆಂಟೆನಾ ಕಟ್ಟುವ ಜಾಗದಲ್ಲಿ ಸಂಜೆ ನಿಂತು ಪಡುವಣ ನೋಡಿ. ಸೂರ್ಯ ನಿಮ್ಮ ಕಣ್ಣಿನ ಮಟ್ಟಕ್ಕೆ ಇಳಿದು ಮುಳುಗಿದರೆ ಪ್ರಯತ್ನಿಸಬಹುದು. ಎದುರಿನ ಬೆಟ್ಟದ ಹಿಂದೆ ಅರ್ಧ ಗಂಟೆ ಮೊದಲೇ ಮರೆಯಾದರೆ ಹಣ ಉಳಿಸಿ. ಕುಶಾಲನಗರ, ಗೋಣಿಕೊಪ್ಪ ಕಡೆಯ ತಗ್ಗಿನ ಮನೆಗಳಿಗೆ ಇದು ಬೇಡವೇ ಬೇಡ. ತಲಕಾವೇರಿ, ಗಾಳಿಬೀಡು ಕಡೆಯ ಪಡುವಣ ಇಳಿಜಾರಿನ ನೆತ್ತಿಯಲ್ಲಿರುವವರಿಗೆ ಯೋಗ್ಯ.

ಕೊಳ್ಳುವುದಾದರೆ ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್‌ನ ವಿ3 ಅಥವಾ ವಿ4, ಅಲ್ಯೂಮಿನಿಯಂ ಕವಚದ್ದು, ಡೈಪೋಲ್ ಆಂಟೆನಾ ಸಮೇತ ಬರುವ ಕಿಟ್. ಅಗ್ಗದ ಪ್ಲಾಸ್ಟಿಕ್ ಡಾಂಗಲ್ ಬೇಡ ಎನ್ನಲು ಕಾರಣವಿದೆ. ಎಐಎಸ್ ಚಾನೆಲ್‌ಗಳು 161.975 ಮತ್ತು 162.025 ಮೆಗಾಹರ್ಟ್ಸ್, ಒಂದೊಂದರ ಅಗಲ 25 ಕಿಲೋಹರ್ಟ್ಸ್ ಮಾತ್ರ. ಅಗ್ಗದ ಹರಳು 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಪಾಲು) ಸರಿದರೆ 8 ಕಿಲೋಹರ್ಟ್ಸ್ ಆಚೆ ಹೋಗುತ್ತದೆ, ಸಂದೇಶ ಬಿಡಿಸುವುದು ಕಷ್ಟ. ಒಳ್ಳೆಯದರಲ್ಲಿ 1 ಪಿಪಿಎಂ, ಅಂದರೆ 162 ಹರ್ಟ್ಸ್ ಅಷ್ಟೆ. ಇದೇ ಹೆಸರಿನ ನಕಲಿ ಮಾಲು ಬಹಳ ಓಡಾಡುತ್ತಿದೆ, ನೋಡಿ ಕೊಳ್ಳಿ.

ಕಿಟ್‌ನ ಉದ್ದದ ಎರಡು ಕಡ್ಡಿಗಳನ್ನು ತಲಾ 44 ಸೆಂ.ಮೀ.ಗೆ ಎಳೆದು, ಒಂದು ಮೇಲಕ್ಕೆ ಒಂದು ಕೆಳಕ್ಕೆ ನೆಟ್ಟಗೆ ನಿಲ್ಲಿಸಿ. ಟಿವಿ ಆಂಟೆನಾದಂತೆ ಅಡ್ಡ ಮಲಗಿಸಿದರೆ ಸಂಕೇತ ತೀರಾ ಇಳಿಯುತ್ತದೆ. ಕಿಟ್‌ನ ತೆಳು ಕೇಬಲ್ಲನ್ನೇ ಹತ್ತು ಮೀಟರ್‌ಗೆ ಉದ್ದ ಮಾಡಬೇಡಿ, ಅರ್ಧಕ್ಕಿಂತ ಹೆಚ್ಚು ಸಂಕೇತ ಕೇಬಲ್ಲಿನಲ್ಲೇ ಸಾಯುತ್ತದೆ. ಡಿಶ್ ಟಿವಿಯ ಆರ್‌ಜಿ-6 ಕೇಬಲ್ ಎಲ್ಲ ಪೇಟೆಯಲ್ಲೂ ಸಿಗುತ್ತದೆ, ಹತ್ತು ಮೀಟರಿಗೆ ಒಂದು ಡೆಸಿಬೆಲ್‌ಗಿಂತ ಕಡಿಮೆ ನಷ್ಟ. ಅದರ ಎಫ್ ತುದಿಯಿಂದ ಎಸ್‌ಎಂಎಗೆ ಒಂದು ಅಡಾಪ್ಟರ್ ಹಾಕಿದರಾಯಿತು. 75 ಓಮ್, 50 ಓಮ್ ವ್ಯತ್ಯಾಸ ಬರೀ ಕೇಳುವ ಕೆಲಸಕ್ಕೆ ಅಡ್ಡಿಯಲ್ಲ.

ತಂತ್ರಾಂಶಕ್ಕೆ ಎಐಎಸ್-ಕ್ಯಾಚರ್ ಉಚಿತ. ಕಂಪ್ಯೂಟರ್ ಬೇಡವೆಂದರೆ ಆಂಡ್ರಾಯ್ಡ್ ಫೋನಿಗೆ ಒಟಿಜಿ ತಂತಿಯಲ್ಲಿ ಡಾಂಗಲ್ ಚುಚ್ಚಿ ಅದರ ಆ್ಯಪ್ ಹಾಕಿಕೊಂಡರೆ ಸಾಕು. ಎರಡೂ ಚಾನೆಲ್ ಒಂದೇ ಡಾಂಗಲ್‌ನಲ್ಲಿ ಬರುತ್ತವೆ. ಚಾರ್ಟ್ (ಕಡಲ ನಕ್ಷೆ) ಮೇಲೆ ನೋಡುವ ಆಸೆಯಿದ್ದರೆ ಲ್ಯಾಪ್‌ಟಾಪ್‌ನಲ್ಲಿ ಓಪನ್‌ಸಿಪಿಎನ್ ಹಾಕಿ, ಯುಡಿಪಿ 10110 ಪೋರ್ಟಿನಲ್ಲಿ ಜೋಡಿಸಿ. ಚಾರ್ಟ್ ಟೇಬಲ್ ಮುಂದೆ ನಿಂತ ಅನುಭವಕ್ಕೆ ಇದಕ್ಕಿಂತ ಹತ್ತಿರದ್ದು ಮನೆಯಲ್ಲಿ ಸಿಗದು.

ಏನೂ ಬರದಿದ್ದರೆ ಮೊದಲ ಅನುಮಾನ ಮಡಿಕೇರಿ ಆಕಾಶವಾಣಿಯ 103.1 ಎಫ್‌ಎಂ ಮೇಲೆ. ಹತ್ತಿರದ ಬಲವಾದ ಎಫ್‌ಎಂ ಸಂಕೇತ ಡಾಂಗಲ್‌ನ ಕಿವಿ ಕಿವುಡಾಗಿಸುತ್ತದೆ. ಗೇನ್ (ಸಂಕೇತ ಹಿಗ್ಗಿಸುವ ಮಟ್ಟ) ಆಟೋದಲ್ಲಿದ್ದರೆ ಕೈಯಲ್ಲಿ ಇಳಿಸಿ ನೋಡಿ. ಆಗಲೂ ಆಗದಿದ್ದರೆ 88-108 ತಡೆಯುವ ಎಫ್‌ಎಂ ಫಿಲ್ಟರ್ ಹಾಕಿ. ತೋಟದ ಸೋಲಾರ್ ಬೇಲಿಗೆ ಹುಲ್ಲು ತಾಗಿ ಕಿಡಿ ಹಾರುತ್ತಿದ್ದರೆ ಸೆಕೆಂಡಿಗೊಂದು ಟಿಕ್ ಎಂಬ ಗದ್ದಲ ರೇಡಿಯೋಗೆ ಬರಬಹುದು, ಆಂಟೆನಾ ಬೇಲಿಯಿಂದ ದೂರವಿರಲಿ. ಡಾಂಗಲ್ ಕೆಟ್ಟಿದೆಯೋ ಬೆಟ್ಟ ಅಡ್ಡವೋ ತಿಳಿಯದಿದ್ದರೆ ಮಂಗಳೂರಿಗೆ ಹೋದಾಗ ಫೋನು, ಡಾಂಗಲ್ ಎರಡನ್ನೂ ಪಣಂಬೂರು ಕಡಲ ತೀರಕ್ಕೆ ಒಯ್ಯಿರಿ. ಅಲ್ಲಿ ಕೆಲವೇ ನಿಮಿಷದಲ್ಲಿ ಹಡಗು ಬರಬೇಕು. ಬಂದರೆ ತಪ್ಪು ಬೆಟ್ಟದ್ದು.

ಏಪ್ರಿಲ್, ಮೇ ತಿಂಗಳ ಗುಡುಗಿಗೆ ಸ್ವಿಚ್ ಆರಿಸಿದರೆ ಸಾಲದು. ಕೇಬಲ್ ಕಳಚಿ ಅದರ ತುದಿಯನ್ನು ಮನೆಯ ಹೊರಗೇ ಬಿಡಬೇಕು. ಹೊರಗಿನ ಪ್ರತಿ ಜೋಡಣೆಗೂ ರಬ್ಬರಿನ ಸೆಲ್ಫ್ ಅಮಾಲ್ಗಮೇಟಿಂಗ್ ಟೇಪ್ ಸುತ್ತಿ. ಸಾದಾ ಕಪ್ಪು ಟೇಪಿನೊಳಗೆ ಕೊಡಗಿನ ಮಳೆ ಒಂದೇ ಹಂಗಾಮಿಗೆ ನುಗ್ಗುತ್ತದೆ, ತಾಮ್ರ ಹಸಿರಾಗುತ್ತದೆ. ಕೇಬಲ್ ಗೋಡೆ ಹೊಗುವ ಮುಂಚೆ ಕೆಳಕ್ಕೆ ಒಂದು ಬಳಸು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಜೊತೆಗಾರರನ್ನು ಹುಡುಕುವ ಕೆಲಸಕ್ಕೆ ಬರೋಣ. ಹಡಗಿನಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಚೀಫ್ ಎಂಜಿನಿಯರ್ ಬಡಾ ಸಾಬ್, ಥರ್ಡ್ ಎಂಜಿನಿಯರ್ ತೀನ್ ಸಾಬ್, ಫೋರ್ತ್ ಚಾರ್ ಸಾಬ್, ರೇಡಿಯೋ ಆಫೀಸರ್ ಮಾರ್ಕೋನಿ ಸಾಬ್, ಬೋಸನ್ ಸಾರಂಗ್, ಸ್ಟೋರ್ ನೋಡುವವನು ಕಸಬ್. ಮೂವತ್ತು ವರ್ಷದ ಮೇಲೆ ಮುಖ ನೆನಪಿದೆ, ನಡಿಗೆ ನೆನಪಿದೆ, ಹೆಸರು ನೆನಪಿಲ್ಲ. ಇದು ಮರೆವಲ್ಲ, ಹೆಸರು ಬಳಕೆಯಲ್ಲೇ ಇರಲಿಲ್ಲ. ನೆನಪು ಕೆದಕಲು ಒಳ್ಳೆಯ ದಾರಿ ವಾಚ್. ಸೆಕೆಂಡ್ ಮೇಟ್ 12ರಿಂದ 4, ಚೀಫ್ ಆಫೀಸರ್ 4ರಿಂದ 8, ಥರ್ಡ್ ಮೇಟ್ 8ರಿಂದ 12. ನಡುರಾತ್ರಿಯ ವಾಚ್‌ನಲ್ಲಿ ಯಾರು ಚಹಾ ತಂದುಕೊಡುತ್ತಿದ್ದರು, ಯಾರು ಐದು ನಿಮಿಷ ತಡವಾಗಿ ಬಂದು ಬೈಸಿಕೊಳ್ಳುತ್ತಿದ್ದರು ಎಂದು ಕೇಳಿದರೆ ಹೆಸರು ತಾನಾಗಿ ಬರುತ್ತದೆ. ಆ್ಯಪಿನಲ್ಲಿ ಹಡಗಿನ ಫೋಟೊ ಟಿವಿ ಪರದೆಗೆ ಹಾಕಿ ಕೇಳಿ, ಇನ್ನೂ ಬೇಗ ಬರುತ್ತದೆ. ಸಣ್ಣ ಫೋನನ್ನು ಕೈಯಿಂದ ಕೈಗೆ ದಾಟಿಸುವುದಕ್ಕಿಂತ ಇದು ವಾಸಿ.

ಸಿಡಿಸಿಯಲ್ಲಿ ಬೇರೆಯವರ ಹೆಸರಿರುವುದಿಲ್ಲ. ಕ್ರ್ಯೂ ಲಿಸ್ಟಿನ ಹಳೆಯ ಪ್ರತಿ, ಕ್ರಿಸ್‌ಮಸ್ ಊಟದ ಮೆನು ಕಾರ್ಡಿನ ಹಿಂದಿನ ಸಹಿಗಳು, ಈಕ್ವೇಟರ್ ದಾಟಿದಾಗ ಕೊಟ್ಟ ಸರ್ಟಿಫಿಕೇಟ್ ಇವೇ ಆಧಾರ. ಕೊಡವ ಜೊತೆಗಾರರನ್ನು ಹುಡುಕುವಾಗ ಒಂದು ವಿಶೇಷ ತೊಡಕಿದೆ. ನಮ್ಮಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಹಡಗಿನ ಪಟ್ಟಿಯಲ್ಲಿ ಅದು ಒಬ್ಬರಿಗೆ ಇನಿಷಿಯಲ್ ಆಗಿ ಕುಗ್ಗಿದೆ, ಇನ್ನೊಬ್ಬರಿಗೆ ಸರ್‌ನೇಮ್ ಜಾಗಕ್ಕೆ ಹೋಗಿದೆ, ಮತ್ತೊಬ್ಬರಿಗೆ ಬಿಟ್ಟೇಹೋಗಿದೆ. ಬರೀ ಕಾರ್ಯಪ್ಪ, ಬೋಪಣ್ಣ, ಮುತ್ತಣ್ಣ ಎಂದು ಕೇಳಿದರೆ ಪ್ರತಿ ಊರಿನಲ್ಲೂ ಹತ್ತು ಜನ ಸಿಗುತ್ತಾರೆ. ಮನೆತನದ ಹೆಸರು ಗೊತ್ತಾದರೆ ಒಂದೇ ಫೋನಿನಲ್ಲಿ ಕೆಲಸ ಮುಗಿಯುತ್ತದೆ. ಇಂಗ್ಲಿಷ್ ಕಾಗುಣಿತವೂ ಎರಡು ಮೂರು ಬಗೆ, ಎಲ್ಲವನ್ನೂ ಹಾಕಿ ನೋಡಿ.

ಸಿಕ್ಕಿದ್ದನ್ನು ಅಂದೇ ಬರೆದಿಡಿ. ಫೋಟೊ ಹಿಂದೆ ಬಾಲ್‌ಪೆನ್ ಬೇಡ, ಮಳೆಗಾಲದ ತೇವಕ್ಕೆ ಶಾಯಿ ಹರಡಿ ಮುಂದಿನ ಮುಖಕ್ಕೂ ಇಳಿಯುತ್ತದೆ, ಒತ್ತಿದ ಗೆರೆಯೂ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್‌ನಿಂದ, ಅಂಚಿನಲ್ಲಿ, ಈ ಕ್ರಮದಲ್ಲಿ: ಎಡದಿಂದ ನಿಂತವರ ಹೆಸರು, ಆಗಿನ ಹುದ್ದೆ, ಹಡಗಿನ ಆಗಿನ ಹೆಸರು, ಐಎಂಒ ಸಂಖ್ಯೆ, ಬಂದರು, ತಿಂಗಳು, ವರ್ಷ. ಹೆಸರು ಗೊತ್ತಿಲ್ಲದವರ ಜಾಗವನ್ನು ಖಾಲಿ ಬಿಡಬೇಡಿ, 'ಚಾರ್ ಸಾಬ್' ಎಂದಾದರೂ ಬರೆಯಿರಿ. ಮುಂದಿನ ಸಲ ಬರುವ ಇನ್ನೊಬ್ಬರಿಗೆ ಅಷ್ಟು ಸಾಕಾಗಬಹುದು.